ಹಲಗೆಯ ಮೇಲಿನ ಹಳದಿ ಎಳೆ

ದೆವ್ವ, ಶಕುನ ಎಂದರೆ ನಗುತ್ತಿದ್ದವನು ನಾನು. ಗಣಿತದ ಮೇಷ್ಟ್ರಿಗೆ ಅದೊಂದು ಜಂಬ. ಕೌದಳ್ಳಿಯ ಸ್ನೇಹಿತರೊಬ್ಬರು ಬೆಟ್ಟದ ದಾರಿಯಲ್ಲಿ ಏನನ್ನೋ ಕಂಡೆನೆಂದು ಆಣೆ ಮಾಡಿದಾಗಲೂ, ಊಟ ಜಾಸ್ತಿಯಾಗಿತ್ತೇನೋ ಎಂದು ರೇಗಿಸಿದ್ದೆ. ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ಎಪ್ಪತ್ತರ ದಶಕದ ಮಾತು. ಆಗ ನಾನು ಕೊಳ್ಳೇಗಾಲದಲ್ಲಿ ಕಾಲೇಜು ಮೇಷ್ಟ್ರು. ನಾನೂ ನನ್ನ ಹೆಂಡತಿ ರತ್ನಳೂ ರೇಷ್ಮೆ ಸೀರೆ ನೇಯುವ ಅತ್ತೆಯ ಮನೆಯಲ್ಲೇ ಇದ್ದೆವು. ಕೆರೆ ನೀರಿನ ಲೆಕ್ಕಕ್ಕೆಂದು ನಾನೊಂದು ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತಿದ್ದೆ. ಕಂಪ್ಯೂಟರ್ ಇದ್ದದ್ದು ಬೆಂಗಳೂರಿನಲ್ಲಿ. ನನ್ನ ಬಳಿ ಇದ್ದದ್ದು ಕಾಗದ, ಪೆನ್ಸಿಲ್ ಮಾತ್ರ. ಪ್ರೋಗ್ರಾಂ ಎಂದರೆ ಹಲವು ತುಂಡುಗಳು. ಒಂದು ತುಂಡು ಇನ್ನೊಂದಕ್ಕೆ ಕೆಲಸ ಹೇಳಿ ಕಾಯುತ್ತದೆ. ಅದು ಕೆಲಸ ಮುಗಿಸಿ, ಹೇಳಿದವರ ಬಳಿಗೇ ಉತ್ತರ ತರಬೇಕು. ಯಾವುದು ಯಾವುದಕ್ಕೆ ಕೆಲಸ ಹೇಳುತ್ತದೆಂದು ಗೆರೆ ಎಳೆದೂ ಎಳೆದೂ ನನ್ನ ತಲೆ ಕೆಟ್ಟಿತ್ತು.

ರತ್ನ ಒಂದು ಹಲಗೆ ತಂದಳು. ತುಂಡಿಗೊಂದರಂತೆ ಮೊಳೆ ಹೊಡೆಸಿದಳು. ಮಗ್ಗದಲ್ಲಿ ಉಳಿದ ರೇಷ್ಮೆಯಿಂದ ಮೊಳೆಯಿಂದ ಮೊಳೆಗೆ ಕೆಂಪು ಎಳೆ ಕಟ್ಟಿದಳು. ಕತ್ತರಿ ಹುಡುಕುವವಳಲ್ಲ, ಗಂಟು ಹಾಕಿ ತುದಿಯನ್ನು ಹಲ್ಲಿನಲ್ಲೇ ಕಚ್ಚಿಬಿಡುತ್ತಿದ್ದಳು. ಇಡೀ ಪ್ರೋಗ್ರಾಂ ನನಗೆ ಮೊದಲ ಸಲ ಕಣ್ಣಿಗೆ ಕಂಡಿತು. ಅವಳಿಗೆ ಮಾತ್ರ ಸಮಾಧಾನವಿಲ್ಲ.

"ಓಗೋ ದಾರಿ ಆಯ್ತು, ಬರೋ ದಾರಿ ಬ್ಯಾಡ್ವಾ?" ಎಂದು ಪ್ರತಿ ಕೆಂಪು ಎಳೆಯ ಪಕ್ಕ ಒಂದು ಹಳದಿ ಎಳೆ ಕಟ್ಟತೊಡಗಿದಳು. ಆಮೇಲೆ ಕೇಳಿದಳು, "ಓಗಿದ್ದೋರು ವಾಪಸ್ ಬರ್ದೇ ಇದ್ರೆ?"

"ಕಳಿಸಿದೋರು ಕಾಯ್ತಾನೇ ಇರ್ತಾರೆ. ಅಲ್ಲಿಗೆ ಎಲ್ಲಾ ನಿಂತೋಗುತ್ತೆ," ಎಂದೆ.

"ಪಾಪ ಕಣ್ರಿ," ಎಂದಳು.

ಕೆಳಗಿನ ಮೂಲೆಯ ಮೊಳೆಯೊಂದಕ್ಕೆ ಎಳೆಯೇ ಇರಲಿಲ್ಲ. ಆ ತುಂಡನ್ನು ಬರೆದಿಟ್ಟಿದ್ದೆ, ಅದಕ್ಕೆ ಕೆಲಸ ಹೇಳುವವರು ಯಾರೂ ಇರಲಿಲ್ಲ. ಒಂಟಿ ಎಂದು ಮರುಗಿ ರತ್ನ ಅದನ್ನು ತನ್ನ ಮೊಳೆ ಮಾಡಿಕೊಂಡಿದ್ದಳು.

ಆ ವರ್ಷವೇ ಅವಳಿಗೆ ಜ್ವರ ಬಂತು, ಇಳಿಯಲಿಲ್ಲ. ಮೈಸೂರಿನ ಆಸ್ಪತ್ರೆಗೆ ಹೊರಟಾಗ ಹಲಗೆಯ ಕಡೆ ನೋಡಿ, "ಮಿಕ್ಕಿದ್ನ ಬಂದು ಕಟ್ತೀನಿ. ನೀವ್ ಕೈ ಆಕ್ಬ್ಯಾಡಿ, ಸಿಕ್ಕು ಮಾಡ್ತೀರಿ," ಎಂದಳು. ಬರಲಿಲ್ಲ. ನಮ್ಮೂರು ಮುಳ್ಳೂರಿನ ಹೊಲದಲ್ಲಿ ಮಣ್ಣು ಮಾಡಿದೆವು.

ಅತ್ತೆಯ ಮನೆಯಲ್ಲೊಂದು ಕಟ್ಟಳೆಯಿತ್ತು. ಸೂತಕ ಕಳೆಯುವವರೆಗೆ ನೂಲಿಗೆ ಯಾರೂ ಗಂಟು ಹಾಕಬಾರದು. ಹಾಕಿದರೆ ಹೋದ ಜೀವ ಅದರಲ್ಲಿ ಸಿಕ್ಕಿಕೊಳ್ಳುತ್ತದಂತೆ. ಅತ್ತೆ ಮಗ್ಗಕ್ಕೆ ಬಟ್ಟೆ ಹೊದಿಸಿ, ನೂಲನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದರು.

ಸಮಾಧಿಗೆ ಹಾಲು ತುಪ್ಪ ಬಿಡುವ ದಿನ ಎಲ್ಲರೂ ಮುಳ್ಳೂರಿಗೆ ಹೋದೆವು. ಮನೆಗೆ ಬೀಗ ಹಾಕಿದವನು ನಾನೇ, ಮಧ್ಯಾಹ್ನ ಬಂದು ತೆಗೆದವನೂ ನಾನೇ. ಎದುರಿಗೇ ಹಲಗೆ. ಅವಳ ಮೊಳೆಯಿಂದ ಎಲ್ಲಕ್ಕಿಂತ ಮೇಲಿನ ಮೊಳೆಗೆ, ಕೆಲಸವೆಲ್ಲ ಶುರುವಾಗುವ ಮೊಳೆಗೆ, ಒಂದು ಹಳದಿ ಎಳೆ ಕಟ್ಟಿತ್ತು. ಅದರ ಪಕ್ಕದಲ್ಲಿ ಕೆಂಪು ಎಳೆ ಇರಲಿಲ್ಲ. ಗಂಟನ್ನು ಮುಟ್ಟಿದೆ. ಕಚ್ಚಿದ ತುದಿ ಇನ್ನೂ ಒದ್ದೆಯಾಗಿತ್ತು.

ನನಗೆ ಹೆದರಿಕೆಯಾಗಲಿಲ್ಲ. ಸಂತೋಷವಾಯಿತು, ಆಮೇಲೆ ತಡೆಯಲಾರದಷ್ಟು ಅಳು ಬಂತು.

"ಸೂತ್ಕ ಕಳ್ದಿಲ್ಲ, ಯಾರಪ್ಪ ಗಂಟಾಕ್ದೋರು?" ಎಂದು ಗದರುತ್ತಾ ಬಂದ ಅತ್ತೆ ಕಚ್ಚಿದ ತುದಿ ನೋಡಿ ನೂಲಿನ ಪೆಟ್ಟಿಗೆಯ ಬಳಿಗೆ ಹೋದರು. ಪೆಟ್ಟಿಗೆಯ ಬೀಗ ಹಾಕಿದಂತೆಯೇ ಇತ್ತು. ವಾಪಸ್ ಬಂದು ಹೇಳಿದರು, "ಬಿಚ್ಬುಡಪ್ಪ. ಅವ್ಳು ಓಗ್ಲಿ."

ನಂಬದವನಿಗೆ ಒಂದು ನೂಲು ಬಿಚ್ಚುವುದು ಏನು ದೊಡ್ಡದು? ನನಗೆ ಸಂಜೆಯವರೆಗೂ ಕೈ ಬರಲಿಲ್ಲ. ಅತ್ತೆಯ ಮುಖ ನೋಡಲಾಗದೆ ಕಡೆಗೆ ಬಿಚ್ಚಿದೆ.

ಆ ಎಳೆಗೆ ಪ್ರೋಗ್ರಾಮಿನಲ್ಲಿ ಅರ್ಥವೇ ಇಲ್ಲ. ಯಾರೂ ಕಳಿಸದ ತುಂಡು ವಾಪಸ್ ಬರುವುದು ಸಾಧ್ಯವಿಲ್ಲ. ಮುಂದೆ ಎಷ್ಟೋ ವರ್ಷ ಹುಡುಗರಿಗೆ ಇದನ್ನೇ ಪಾಠ ಮಾಡಿದೆ. ಬೀಗ ಹಾಕಿದ ಮನೆಯೊಳಗೆ ಗಂಟು ಹಾಕಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಬಿಚ್ಚಿದ ಮೇಲೆ ಅಂಥದ್ದು ಮತ್ತೆ ಆಗಲಿಲ್ಲ. ಹಲಗೆ ನನ್ನ ಬಳಿಯೇ ಇದೆ. ಹೊರಗಿನಿಂದ ಬಂದು ಬೀಗ ತೆಗೆದಾಗಲೆಲ್ಲ, ಚಪ್ಪಲಿ ಬಿಡುವ ಮೊದಲೇ ಆ ಮೂಲೆಯ ಮೊಳೆ ನೋಡುತ್ತೇನೆ.