ಬಿಲ್ಲೆ ಇಲ್ಲದ ಗೈಡು

ನಮ್ಮ ಶಿಕ್ಷಣ ಇಲಾಖೆಯಲ್ಲಿ ಒಬ್ಬ ಮೇಷ್ಟ್ರು ಚೆನ್ನಾಗಿ ಪಾಠ ಮಾಡುತ್ತಾರೆಂದು ಮೇಲಿನವರಿಗೆ ಗೊತ್ತಾದರೆ ಅವರನ್ನು ಆದಷ್ಟು ಬೇಗ ತರಗತಿಯಿಂದ ಹೊರಗೆ ಕರೆಸಿಕೊಳ್ಳುತ್ತಾರೆ. ಇದಕ್ಕೆ ಬಡ್ತಿ ಎಂದು ಹೆಸರು. ಚೆನ್ನಾಗಿ ಪಾಠ ಮಾಡದವರನ್ನೂ ಸೇವಾ ಹಿರಿತನದ ಮೇಲೆ ಕರೆಸಿಕೊಳ್ಳುವುದರಿಂದ ಯಾರಿಗೂ ಅನ್ಯಾಯವಾಗುವುದಿಲ್ಲ. ನಾನು ಈ ಎರಡನೆಯ ಬಾಗಿಲಿನಿಂದ ಹೊರಬಂದವನು. ಪದವಿಪೂರ್ವ ಕಾಲೇಜಿನ ಪ್ರಾಂಶುಪಾಲನಾಗಿ ನಿವೃತ್ತನಾಗಿ, ಈಗ ಅರಸೀಕೆರೆಯಲ್ಲಿ ಬೆಳಗಿನ ಪೇಪರನ್ನು ಮಧ್ಯಾಹ್ನದವರೆಗೆ ಎಳೆಯುತ್ತ ಕಾಲ ಹಾಕುತ್ತಿದ್ದೇನೆ. ಮೊದಲನೆಯ ಬಾಗಿಲಿನಿಂದ ಹೊರಬಂದವನು ಗೆಂಡೆಹಳ್ಳಿ.

ಗೆಂಡೆಹಳ್ಳಿ ಎಂದರೆ ಇಲ್ಲಿ ಊರಲ್ಲ, ನನ್ನ ಸ್ನೇಹಿತ. ಅರಸೀಕೆರೆಯಲ್ಲಿ ಬಿ.ಎ. ಓದುವಾಗ ನಾವು ಮೂವರು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದ ಕರೆದುಕೊಳ್ಳುತ್ತಿದ್ದೆವು. ಅವನು ಗೆಂಡೆಹಳ್ಳಿ, ನಾನು ಬಾಣಾವರ. ಮೂರನೆಯವರು ಜಾವಗಲ್. ಅವರು ಹುಡುಗಿಯಾದ್ದರಿಂದ ಬಹುವಚನ. ಆ ಕಾಲದಲ್ಲಿ ಸಹಪಾಠಿನಿಯರನ್ನು ‘ಏನ್ರೀ’ ಎಂದೇ ಮಾತಾಡಿಸಬೇಕಿತ್ತು. ಮುಂದೆ ಅವರು ನಮ್ಮಿಬ್ಬರನ್ನೂ ಹಿಂದೆ ಹಾಕಿ ಜಂಟಿ ನಿರ್ದೇಶಕಿಯಾದಾಗ ಬಹುವಚನ ಮೊದಲೇ ತಯಾರಾಗಿದ್ದುದರಿಂದ ನಮಗೆ ಹೊಸ ಅಭ್ಯಾಸದ ಕಷ್ಟ ಬರಲಿಲ್ಲ.

ಕಳೆದ ವರ್ಷ ಗೆಂಡೆಹಳ್ಳಿ ಫೋನು ಮಾಡಿದ. ಆಗ ಅವನು ಶಿಕ್ಷಕರಿಗೆ ತರಬೇತಿ ಕೊಡುವ ಸಂಸ್ಥೆಯೊಂದರ ಮುಖ್ಯಸ್ಥ. ನಿವೃತ್ತಿಗೆ ಇನ್ನೊಂದು ತಿಂಗಳಿತ್ತು. ಐದಾರು ಶಾಲೆಗಳನ್ನು ನಡೆಸುವ ವಿದ್ಯಾಸಂಸ್ಥೆಯವರು ಅವನನ್ನು ಆಡಳಿತಾಧಿಕಾರಿಯಾಗಿ ಬನ್ನಿ ಎಂದು ಕರೆದಿದ್ದರು. ಕಾರು, ಡ್ರೈವರು, ಪರದೆ ಹಾಕಿದ ಕೋಣೆ, ಒತ್ತಿದರೆ ಯಾರಾದರೂ ಓಡಿಬರುವ ಗಂಟೆ, ಎಲ್ಲ ಇತ್ತು. ನಾನು ಅಭಿನಂದನೆ ಹೇಳಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನೇ ತಡೆದ.

“ನಂಗೊಂದು ಅನುಮಾನ ಐತೆ ಕಣ್ಲಾ. ಮಕ್ಕಳ ಮುಂದೆ ನಿಂತು ಪಾಠ ಮಾಡೋದು ಇನ್ನೂ ಬತ್ತದಾ ನಂಗೆ ಅಂತ. ಬತ್ತದೆ ಅಂದ್ರೆ ಎಲ್ಲಾದ್ರೂ ಹೋಗಿ ಮೇಷ್ಟ್ರಾಗೇ ಇದ್ದುಬಿಡ್ತೀನಿ. ಬರಲ್ಲ ಅಂದ್ರೆ ಸುಮ್ನೆ ಕಾರು ಹತ್ತಿ ಕೂತ್ಕೊತೀನಿ.”

ಹೊಸದಾಗಿ ನೇಮಕವಾದ ಶಿಕ್ಷಕರಿಗಾಗಿ ಹಳೇಬೀಡಿನ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಮಾದರಿ ಪಾಠದ ಕಾರ್ಯಕ್ರಮವಿತ್ತು. ಪಾಠ ಮಾಡುವವರ ಹೆಸರಿನ ಜಾಗದಲ್ಲಿ ಅವನು ತನ್ನ ಹೆಸರನ್ನೇ ಬರೆದುಕೊಂಡುಬಿಟ್ಟಿದ್ದ. ಜಾವಗಲ್ ಅವರು ಮುಖ್ಯ ಅತಿಥಿ. ನಾನು ಬಂದು ಹಿಂದಿನ ಬೆಂಚಿನಲ್ಲಿ ಕೂತು, ಮುಗಿದ ಮೇಲೆ ನಿಜ ಹೇಳಬೇಕಂತೆ. ಉಳಿದವರೆಲ್ಲ ಅವನ ಕೈಕೆಳಗಿನವರು, ‘ಅದ್ಭುತ ಸಾರ್’ ಎನ್ನುವುದು ಅವರ ಕರ್ತವ್ಯದ ಭಾಗ. ನಿವೃತ್ತನಾದ ನನಗೆ ಅಂಥ ಯಾವ ಕರ್ತವ್ಯವೂ ಉಳಿದಿಲ್ಲ ಎಂಬುದನ್ನು ಅವನು ಸರಿಯಾಗಿ ಗುರುತಿಸಿದ್ದ.

ಅವನ ಅನುಮಾನ ಎಷ್ಟು ಗಂಭೀರವಾದದ್ದೆಂದು ತಿಳಿಯಬೇಕಾದರೆ ಅವನು ಪಾಠ ಮಾಡಲು ಕಲಿತದ್ದು ಎಲ್ಲಿ ಎಂಬುದನ್ನು ಹೇಳಬೇಕು. ಬಿ.ಇಡಿ.ಯಲ್ಲಂತೂ ಅಲ್ಲ.

ಕಾಲೇಜು ಮುಗಿಯುವ ಹೊತ್ತಿಗೂ ನನ್ನ ಬಾಣಾವರದ ಪ್ಯಾಸೆಂಜರ್ ರೈಲು ಬರುವ ಹೊತ್ತಿಗೂ ನಡುವೆ ರೈಲ್ವೆಯವರು ಉದಾರವಾಗಿ ಬಿಡುವು ಇಟ್ಟಿದ್ದರು. ಆ ಬಿಡುವಿನಲ್ಲಿ ನಾವು ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಕೂರುತ್ತಿದ್ದೆವು. ಒಂದು ತುದಿಯಲ್ಲಿ ಜಾವಗಲ್, ಇನ್ನೊಂದು ತುದಿಯಲ್ಲಿ ನಾವಿಬ್ಬರು, ಮಧ್ಯೆ ಪುಸ್ತಕಗಳ ಸರಹದ್ದು. ಎದುರಿನ ಗೂಡ್ಸ್ ಶೆಡ್ಡಿನಿಂದ ಕೊಬ್ಬರಿಯ ವಾಸನೆ ಬರುತ್ತಿತ್ತು. ನಮ್ಮಪ್ಪ ಕೊಬ್ಬರಿ ವ್ಯಾಪಾರಿ. ಮಗನಿಂದ ಅವರಿಗಿದ್ದ ನಿರೀಕ್ಷೆಯೂ ಅದೇ ವಾಸನೆಯದಾಗಿತ್ತು. ಅಲ್ಲಿ ಕೂತು ಭಾರತದ ಇತಿಹಾಸ ಓದುವುದೆಂದರೆ ನನಗೆ ಸಣ್ಣ ಬಂಡಾಯದಂತೆ ಅನ್ನಿಸುತ್ತಿತ್ತು. ಈಗಲೂ ಆ ಸ್ಟೇಷನ್ನಿಗೆ ಹೋದರೆ ಬೆಂಚಿನ ಕಡೆಗೊಮ್ಮೆ ನೋಡುತ್ತೇನೆ. ಬೆಂಚು ಬದಲಾಗಿದೆ. ರೈಲು ತಡವಾಗುವ ಪದ್ಧತಿಯನ್ನು ಮಾತ್ರ ಸಂಪ್ರದಾಯ ಕೆಡದಂತೆ ಉಳಿಸಿಕೊಂಡಿದ್ದಾರೆ.

ಗೆಂಡೆಹಳ್ಳಿ ಹಾಸ್ಟೆಲಿನಲ್ಲಿದ್ದ. ಭಾನುವಾರ ಮೊದಲ ಬಸ್ಸಿಗೆ ಹಳೇಬೀಡಿಗೆ ಹೋಗುತ್ತಿದ್ದ. ಅಲ್ಲಿ ಅವನ ಸೋದರಮಾವ ದೇವಸ್ಥಾನದ ಎದುರು ಎಳನೀರು ಮಾರುತ್ತಿದ್ದರು. ಮಾವನಿಗೆ ನೆರವಾಗಲು ಹೋದವನು ನಿಧಾನವಾಗಿ ದೇವಸ್ಥಾನದ ಒಳಗೆ ಸೇರಿಕೊಂಡು ಜನಕ್ಕೆ ಶಿಲ್ಪ ತೋರಿಸಲು ಶುರುಮಾಡಿದ. ಆದರೆ ಅದಕ್ಕೆ ಒಂದು ಅಡ್ಡಿಯಿತ್ತು. ಅಲ್ಲಿ ಸರ್ಕಾರದ ಒಪ್ಪಿಗೆ ಪಡೆದ, ಅಂಗಿಗೆ ಹಿತ್ತಾಳೆ ಬಿಲ್ಲೆ ಸಿಕ್ಕಿಸಿಕೊಂಡ ಒಬ್ಬ ಗೈಡು ಇದ್ದರು. ತಲೆಗೆ ಟೋಪಿ, ಕೈಯಲ್ಲಿ ಬೆತ್ತ. ವಿವರಣೆ ಕೊಡುವ ಹಕ್ಕು ಅವರದು. ಬಿಲ್ಲೆಯಿಲ್ಲದವನು ಬಾಯಿ ತೆರೆದರೆ ಅವರು ಎಲ್ಲಿದ್ದರೂ ಬರುತ್ತಿದ್ದರು.

ಅವರ ಫೀಜು ಕೊಡಲಾಗದ ಹಳ್ಳಿಯ ಸಂಸಾರಗಳು, ಪ್ರವಾಸಕ್ಕೆ ಬಂದ ಬಡ ಶಾಲೆಯ ಮಕ್ಕಳು ಗೆಂಡೆಹಳ್ಳಿಯ ಪಾಲಿಗೆ ಬರುತ್ತಿದ್ದರು. ಮೊದಮೊದಲು ಅವನೂ ಎಲ್ಲರಂತೆ ಹೇಳುತ್ತಿದ್ದ, ಸಿಕ್ಕಿಬೀಳುತ್ತಿದ್ದ. ಆಮೇಲೆ ಒಂದು ಉಪಾಯ ಕಂಡುಕೊಂಡ. ಹೇಳುವುದನ್ನೇ ಬಿಟ್ಟ. ಬರಿಯ ಪ್ರಶ್ನೆ ಹಾಕುತ್ತಿದ್ದ. ಈ ಆನೆ ಸೊಂಡಿಲಲ್ಲಿ ಏನು ಹಿಡಿದಿದೆ? ಪಕ್ಕದ್ದೂ ಅದನ್ನೇ ಹಿಡಿದಿದೆಯೇ? ಈ ಹೆಂಗಸಿಗೆ ಕೋಪ ಬಂದಿದೆಯೋ, ನಗುತ್ತಿದ್ದಾಳೋ? ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ನಿಲ್ಲುತ್ತಾರೆಯೇ? ಇಷ್ಟು ಕೇಳಿ ಜನರ ಕಡೆ ಮುಖ ಮಾಡಿಕೊಂಡೇ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಮುಂದಿನ ಶಿಲ್ಪದ ಬಳಿ ನಿಲ್ಲುತ್ತಿದ್ದ. ಜನ ತಮ್ಮತಮ್ಮಲ್ಲೇ ವಾದಕ್ಕಿಳಿಯುತ್ತಿದ್ದರು. ಬಿಲ್ಲೆಯವರು ಯಾರ ಪರ್ಮಿಷನ್ ತಗೊಂಡೆ ಎಂದು ಗದರುತ್ತ, ಬೆತ್ತ ಬೀಸುತ್ತ ಬಂದರೆ ಅವನ ಉತ್ತರ ಸಿದ್ಧವಾಗಿತ್ತು.

“ನಾನೇನೂ ಹೇಳ್ತಾ ಇಲ್ಲ ಸಾ. ಸುಮ್ನೆ ಪ್ರಶ್ನೆ ಕೇಳ್ತಾ ಇವ್ನಿ. ಹೇಳ್ತಿರೋರು ಅವ್ರು.”

ಪ್ರಶ್ನೆ ಕೇಳುವುದಕ್ಕೆ ಬಿಲ್ಲೆ ಬೇಕೆಂದು ಯಾವ ನಿಯಮದಲ್ಲೂ ಇರಲಿಲ್ಲ. ಬಿಲ್ಲೆಯವರು ಕೆಂಪಗಾಗಿ ಹಿಂದಿರುಗುತ್ತಿದ್ದರು.

ಒಂದೆರಡು ಭಾನುವಾರ ನಾನೂ ಹೋಗಿ ನೋಡಿದ್ದೇನೆ. ಜಾವಗಲ್ ಅವರು ತಮ್ಮನನ್ನು ಕಾವಲಿಗೆ ಕರೆದುಕೊಂಡು ಬಂದಿದ್ದರು. ಅವರಿಗೆ ಗೆಂಡೆಹಳ್ಳಿಗಿಂತ ಬಿಲ್ಲೆಯವರೇ ಹೆಚ್ಚು ಹಿಡಿಸಿದರು. ಸೋಮವಾರ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಛತ್ರಿಯನ್ನೇ ಬೆತ್ತ ಮಾಡಿಕೊಂಡು ಆ ಗದರಿಕೆಯನ್ನು ಹಾಗೆಯೇ ಅನುಕರಿಸಿ ತೋರಿಸಿದರು. ಗೆಂಡೆಹಳ್ಳಿ ಅರಿವಿಲ್ಲದೆ ಎದ್ದು ನಿಂತು ತನ್ನ ಉತ್ತರ ಒಪ್ಪಿಸಿಬಿಟ್ಟ. ಆಮೇಲೆ ಅದು ನಮ್ಮ ನಿತ್ಯದ ಆಟವಾಯಿತು. ಪೋರ್ಟರುಗಳು ನಿಂತು ನೋಡುತ್ತಿದ್ದರು.

ಬಿ.ಇಡಿ.ಯಲ್ಲಿ ಅವನ ಅಭ್ಯಾಸ ಪಾಠ ನೋಡಿದ ಅಧ್ಯಾಪಕರು ‘ಶಿಕ್ಷಕರು ಏನನ್ನೂ ಹೇಳಲಿಲ್ಲ, ವಿದ್ಯಾರ್ಥಿಗಳೇ ಎಲ್ಲವನ್ನೂ ಹೇಳಿದರು, ಸುಧಾರಿಸಿಕೊಳ್ಳಬೇಕು’ ಎಂದು ಷರಾ ಬರೆದರು. ಅವನು ಸುಧಾರಿಸಲಿಲ್ಲ. ಬಾಣಾವರದ ಆಚೆ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾಗ ಅವನ ತರಗತಿಯ ಗದ್ದಲ ಕೇಳಿ ಮೇಷ್ಟ್ರು ಬಂದಿಲ್ಲವೆಂದು ಹೆಡ್‌ಮೇಷ್ಟ್ರು ಓಡಿಬಂದದ್ದುಂಟು. ಒಳಗೆ ನೋಡಿದರೆ ಮೇಷ್ಟ್ರು ಗೋಡೆಗೊರಗಿ ನಿಂತಿದ್ದಾನೆ, ಹುಡುಗರು ರಾಜನೊಬ್ಬ ರಾಜಧಾನಿ ಬದಲಾಯಿಸಿದ್ದು ಸರಿಯೋ ತಪ್ಪೋ ಎಂದು ಜಗಳವಾಡುತ್ತಿದ್ದಾರೆ. ಆ ಶಾಲೆಯ ಹುಡುಗರು ಈಗಲೂ ಅರಸೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ನಿಲ್ಲಿಸಿ ಅವನ ಯೋಗಕ್ಷೇಮ ವಿಚಾರಿಸುತ್ತಾರೆ. ನನ್ನ ವಿದ್ಯಾರ್ಥಿಗಳೂ ಎದುರಾಗುತ್ತಾರೆ. ಅವರು ಬೇರೆ ಬಸ್ಸು ಹಿಡಿಯುತ್ತಾರೆ.

ಇಂಥವನನ್ನು ಇಲಾಖೆ ಎಷ್ಟು ದಿನ ಸಹಿಸೀತು? ಅವನನ್ನು ಹೆಡ್‌ಮೇಷ್ಟ್ರು ಮಾಡಿದರು. ಮೊಟ್ಟೆ, ಹಾಲಿನ ಪುಡಿ, ಕಟ್ಟಡದ ಸೋರಿಕೆ ನೋಡಿಕೊಂಡ. ತಾಲ್ಲೂಕಿನ ಶಿಕ್ಷಣಾಧಿಕಾರಿ ಮಾಡಿದರು. ಜೀಪಿನಲ್ಲಿ ಕೂತು ಶಾಲೆಗಳ ಶೌಚಾಲಯಗಳನ್ನು ತಪಾಸಣೆ ಮಾಡಿದ. ಕೊನೆಗೆ ತರಬೇತಿ ಸಂಸ್ಥೆಗೆ ತಂದು ಕೂರಿಸಿದರು. ಅಲ್ಲಿ ಅವನ ಪದ್ಧತಿಗೆ ಉದ್ದನೆಯ ಶಾಸ್ತ್ರೀಯ ಹೆಸರು ಸಿಕ್ಕಿತು. ಮಕ್ಕಳಿಗೆ ಪ್ರಶ್ನೆ ಕೇಳುವುದು ಹೇಗೆ ಎಂಬ ಬಗ್ಗೆ ಅವನು ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಮಾತಾಡುತ್ತಿದ್ದ. ಶಿಕ್ಷಕರು ಪ್ರಶ್ನೆಯಿಲ್ಲದೆ ಬರೆದುಕೊಳ್ಳುತ್ತಿದ್ದರು. ನಾನೊಮ್ಮೆ ಹೋಗಿ ಕೂತಿದ್ದೆ. ಊಟ ಚೆನ್ನಾಗಿತ್ತು.

ಮಾದರಿ ಪಾಠದ ದಿನ ಬಂತು. ನಮ್ಮಲ್ಲಿ ಪಾಠಕ್ಕೂ ಒಂದು ಸಮಾರಂಭ ಬೇಕು. ಪ್ರಾರ್ಥನೆ, ಸ್ವಾಗತ, ದೀಪ, ಹಾರ ಎಲ್ಲ ಆಯಿತು. ಗೆಂಡೆಹಳ್ಳಿಯ ತಲೆಗೆ ಪೇಟ ಬಂತು, ಹೆಗಲಿಗೆ ಶಾಲು. ಏಳನೇ ತರಗತಿಯ ಮಕ್ಕಳು ನೆಲದ ಮೇಲೆ ಸಾಲಾಗಿ, ಸುತ್ತ ಗೋಡೆಯುದ್ದಕ್ಕೂ ಹೊಸ ಶಿಕ್ಷಕರು. ಜಾವಗಲ್ ಅವರಿಗೆ ಬೇರೆ ಕುರ್ಚಿ ಹಾಕಿದ್ದರೂ ನನ್ನ ಪಕ್ಕ ಬಂದು ಬೆಂಚಿನ ಆ ತುದಿಯಲ್ಲಿ ಕೂತರು. ನಡುವೆ ಪುಸ್ತಕಗಳಿರಲಿಲ್ಲ, ಅವರ ಕೈಚೀಲವೂ ಛತ್ರಿಯೂ ಇದ್ದವು.

ಪಾಠ ಹೊಯ್ಸಳರದು. ಗೆಂಡೆಹಳ್ಳಿ ಪೇಟ ತೆಗೆದು ಮೇಜಿನ ಮೇಲಿಟ್ಟು ಸೀಮೆಸುಣ್ಣ ಹಿಡಿದ. ಆಮೇಲೆ ಶುರುಮಾಡಿದ. ಹೊಯ್ಸಳರ ಕೊಡುಗೆಗಳನ್ನು ನಾವು ಮುಖ್ಯವಾಗಿ ಮೂರು ಭಾಗಗಳಾಗಿ ನೋಡಬಹುದು ಎಂದ. ಮೊದಲನೆಯದಾಗಿ ಎಂದ. ಈ ನಿಟ್ಟಿನಲ್ಲಿ ಎಂದ. ಅತ್ಯಂತ ಮಹತ್ತರವಾದ ಎಂದ. ಧ್ವನಿ ತಾನಾಗಿಯೇ ಮೈಕಿನ ಎತ್ತರಕ್ಕೆ ಏರಿತ್ತು, ಮೈಕು ಇಲ್ಲದಿದ್ದರೂ. ಎರಡನೆಯದಾಗಿ ಎಂಬಲ್ಲಿ ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಲ್ಲಿಸಿದ.

ಮಕ್ಕಳು ಚಪ್ಪಾಳೆ ತಟ್ಟಿದರು.

ಅವರದೇನೂ ತಪ್ಪಿಲ್ಲ. ದೊಡ್ಡವರು ಬಂದು ಮಾತಾಡಿ ನಿಲ್ಲಿಸಿದರೆ ಚಪ್ಪಾಳೆ ತಟ್ಟಬೇಕೆಂದು ಎಲ್ಲ ಶಾಲೆಗಳಲ್ಲೂ ಕಲಿಸುತ್ತಾರೆ. ಗೋಡೆಯ ಬದಿಯ ಶಿಕ್ಷಕರೂ ಜೊತೆಗೂಡಿದರು. ಗೆಂಡೆಹಳ್ಳಿ ಸೀಮೆಸುಣ್ಣ ಹಿಡಿದು ಹಾಗೇ ನಿಂತ. ಅವನ ಮುಖ ನೋಡಿದೆ. ಕಾಲೇಜಿನಲ್ಲಿ ಫಲಿತಾಂಶದ ಪಟ್ಟಿಯ ಮುಂದೆ ನಾನು ಹಾಗೆ ನಿಂತಿದ್ದುಂಟು, ಅವನು ನಿಂತದ್ದನ್ನು ಕಂಡಿರಲಿಲ್ಲ. ಅವನ ಕಣ್ಣು ಕಿಟಕಿಯ ಹೊರಗೆ ಹೋಯಿತು. ಅಲ್ಲಿ ವಿದ್ಯಾಸಂಸ್ಥೆಯವರು ಅವನನ್ನು ಕರೆದೊಯ್ಯಲು ಕಳಿಸಿದ್ದ ಕಾರು ಹುಣಸೆ ಮರದ ನೆರಳಿನಲ್ಲಿ ಕಾಯುತ್ತಿತ್ತು. ಮುಗಿಯಿತು, ಇನ್ನು ಇವನು ಹೋಗಿ ಅದರಲ್ಲಿ ಕೂರುತ್ತಾನೆ ಅಂದುಕೊಂಡೆ.

ಆಗ ನನ್ನ ಪಕ್ಕದಲ್ಲಿ ಛತ್ರಿಯ ತುದಿ ನೆಲಕ್ಕೆ ಬಡಿದ ಸದ್ದಾಯಿತು. ಜಂಟಿ ನಿರ್ದೇಶಕಿಯವರು ಎದ್ದು ನಿಂತಿದ್ದರು.

“ಏಯ್, ಯಾವನ್ಲಾ ಅವ್ನು? ಯಾರ ಪರ್ಮಿಷನ್ ತಗೊಂಡು ವಿವರಣೆ ಕೊಡ್ತಾ ಇದ್ದೀಯ ಇಲ್ಲಿ?”

ಹೊಸ ಶಿಕ್ಷಕರ ಪೈಕಿ ಒಬ್ಬರ ಕೈಯಿಂದ ಪೆನ್ನು ಬಿತ್ತು. ಸೇವೆಗೆ ಸೇರಿದ ಮೊದಲ ವಾರದಲ್ಲೇ ಒಬ್ಬ ಮೇಲಧಿಕಾರಿ ಇನ್ನೊಬ್ಬ ಮೇಲಧಿಕಾರಿಯನ್ನು ಹೀಗೆ ಮಾತಾಡಿಸುವುದನ್ನು ಕಾಣುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಮಕ್ಕಳು ತಿರುಗಿ ನೋಡಿದರು. ಗೆಂಡೆಹಳ್ಳಿಯ ಬೆನ್ನು ತಾನಾಗಿಯೇ ನೆಟ್ಟಗಾಯಿತು.

“ನಾನೇನೂ ಹೇಳ್ತಾ ಇಲ್ಲ ಸಾ,” ಎಂದ. ದನಿ ಮೈಕಿನ ಎತ್ತರದಿಂದ ಇಳಿದಿತ್ತು. “ಸುಮ್ನೆ ಪ್ರಶ್ನೆ ಕೇಳ್ತಾ ಇವ್ನಿ. ಹೇಳ್ತಿರೋರು ಅವ್ರು.”

ಹೇಳಿಬಿಟ್ಟ ಮೇಲೆ ಕೇಳಲೇಬೇಕಾಯಿತು. ಶಾಲನ್ನು ಕುರ್ಚಿಯ ಮೇಲೆ ಹಾಕಿ ಮಕ್ಕಳ ಕಡೆ ತಿರುಗಿದ. ಹಳೇಬೀಡಿನ ಗುಡಿಯ ಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಏನಿದೆ ಎಂದು ಕೇಳಿದ. ಆನೆ ಎಂದು ಎಲ್ಲರೂ ಕೂಗಿದರು. ಅಲ್ಲಿ ಆನೆಯ ಬದಲು ಕುದುರೆ ಇಟ್ಟಿದ್ದರೆ ಏನಾಗುತ್ತಿತ್ತು ಎಂದ. ತರಗತಿ ಸುಮ್ಮನಾಯಿತು. ಮೊದಲಿನ ಮೌನಕ್ಕೂ ಇದಕ್ಕೂ ವ್ಯತ್ಯಾಸವಿತ್ತು. ಅಷ್ಟನ್ನು ತಿಳಿಯುವಷ್ಟು ವರ್ಷ ನಾನೂ ತರಗತಿಗಳಲ್ಲಿ ನಿಂತಿದ್ದೇನೆ. ಎರಡನೇ ಸಾಲಿನ ಒಬ್ಬ ಹುಡುಗಿ ಎದ್ದಳು.

“ಕುದ್ರೆ ನಿಂತ ಕಡೆ ನಿಲ್ಲಲ್ಲ ಸಾ. ಓಡೋಯ್ತಿತ್ತು. ಗುಡಿ ಬಿದ್ದೋಯ್ತಿತ್ತು.”

ಕಲ್ಲಿನ ಕುದುರೆ ಓಡುವುದು ಹೇಗೆ ಎಂದು ಒಬ್ಬ ಹುಡುಗ ಎದ್ದ. ಕಲ್ಲಿನ ಆನೆ ಭಾರ ಹೊರುವುದಾದರೆ ಕಲ್ಲಿನ ಕುದುರೆ ಓಡಬಾರದೇಕೆ ಎಂದು ಆ ಹುಡುಗಿ. ಮೂಲೆಯ ಇನ್ನೊಬ್ಬಳು, ಕುದುರೆಯೂ ಇದೆ, ಅದು ಮೇಲಿನ ಸಾಲಿನಲ್ಲಿದೆ, ತಾನು ನೋಡಿದ್ದೇನೆ ಎಂದಳು. ಹಾಗಾದರೆ ಮೇಲೆ ಯಾಕೆ ಇಟ್ಟರು ಎಂದು ಗೆಂಡೆಹಳ್ಳಿ ಮೆಲ್ಲಗೆ ಸೇರಿಸಿದ. ಆಮೇಲೆ ಯಾರು ಏನು ಹೇಳಿದರೆಂದು ನನಗೆ ಕೇಳಿಸಲಿಲ್ಲ, ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರು. ಅವನು ಅವರ ಕಡೆ ಮುಖ ಮಾಡಿಕೊಂಡೇ ಹಿಂದಕ್ಕೆ ನಡೆಯುತ್ತ ಕರಿಹಲಗೆಗೆ ಹೋಗಿ ಡಿಕ್ಕಿ ಹೊಡೆದ. ಕೋಟಿನ ಬೆನ್ನಿಗೆಲ್ಲ ಸೀಮೆಸುಣ್ಣ ಮೆತ್ತಿತು. ಪಿರಿಯಡ್ಡು ಮುಗಿದ ಗಂಟೆ ಹೊಡೆದದ್ದು ಮಕ್ಕಳಿಗೆ ಗೊತ್ತಾಗಲಿಲ್ಲ. ಊಟದ ಗಂಟೆ ಗೊತ್ತಾಯಿತು. ಜಗಳವಾಡುತ್ತಲೇ ತಟ್ಟೆ ಹಿಡಿದು ಓಡಿದರು. ಚಪ್ಪಾಳೆಯ ನೆನಪು ಯಾರಿಗೂ ಬರಲಿಲ್ಲ.

ಜಾವಗಲ್ ಅವರು ಛತ್ರಿಯನ್ನು ಕೈಚೀಲಕ್ಕೆ ಸಿಕ್ಕಿಸಿಕೊಳ್ಳುತ್ತ, ಕಣ್ಣಿಗೆ ಸೀಮೆಸುಣ್ಣದ ಪುಡಿ ಬಿತ್ತು ಎಂದು ನನಗೆ ಹೇಳಿದರು. ನಾವು ಕೂತಿದ್ದದ್ದು ಹಲಗೆಯಿಂದ ಬಹಳ ದೂರ. ಆದರೂ ಬಹುವಚನಕ್ಕೆ ಎದುರು ಮಾತಾಡಬಾರದೆಂದು ಒಪ್ಪಿಕೊಂಡೆ. ಗೆಂಡೆಹಳ್ಳಿ ಬಂದು ನನ್ನ ಮುಂದೆ ನಿಂತು, ಹೇಳು ಎಂಬಂತೆ ನೋಡಿದ. ಬತ್ತದೆ ಕಣ್ಲಾ ಎಂದೆ. ಕಾರಿನ ಡ್ರೈವರ್ ಬಾಗಿಲು ತೆಗೆದು ಕಾಯುತ್ತಿದ್ದ. ನಾವು ಮೂವರೂ ಆ ಕಾರಿನಲ್ಲಿ ಹಳೇಬೀಡಿನ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಇಳಿದುಕೊಂಡು, ಅದನ್ನು ಗೌರವಪೂರ್ವಕವಾಗಿ ವಾಪಸು ಕಳಿಸಿದೆವು.

ನಿವೃತ್ತಿಯಾದ ವಾರದಲ್ಲೇ ಅವನು ಆ ವಿದ್ಯಾಸಂಸ್ಥೆಗೆ ಹೋಗಿ, ಆಡಳಿತ ಬೇಡ, ಏಳನೇ ತರಗತಿಗೆ ಮೇಷ್ಟ್ರ ಕೆಲಸ ಕೊಡಿ ಎಂದು ಕೇಳಿದ. ಅಧ್ಯಕ್ಷರು ಬಹಳ ವಿನಯದಿಂದ ವಿಷಾದ ವ್ಯಕ್ತಪಡಿಸಿದರಂತೆ. ಶಿಕ್ಷಕರ ಹುದ್ದೆಗೆ ಅವನ ವಯಸ್ಸು ಮೀರಿತ್ತು. ಆಡಳಿತಾಧಿಕಾರಿಯ ಹುದ್ದೆಗೆ ವಯಸ್ಸಿನ ಮಿತಿ ಇರಲಿಲ್ಲ. ಮಕ್ಕಳನ್ನು ನೋಡಿಕೊಳ್ಳಲಾಗದವರು ಮೇಷ್ಟ್ರುಗಳನ್ನು ನೋಡಿಕೊಳ್ಳಬಹುದು ಎಂಬ ಈ ತತ್ತ್ವದ ಮೇಲೆಯೇ ನಾವು ಮೂವರೂ ಬಾಳಿದ್ದರಿಂದ ವಾದ ಮಾಡುವ ಹಾಗಿರಲಿಲ್ಲ.

ಈಗ ಅವನು ಶನಿವಾರ ಬೆಳಗಿನ ಶಾಲೆಗೆ, ಮಾದರಿ ಪಾಠ ಮಾಡಿದ ಅದೇ ಹಳ್ಳಿಗೆ, ತಾನಿರುವ ಬೇಲೂರಿನಿಂದ ಬಸ್ಸಿನಲ್ಲಿ ಹೋಗುತ್ತಾನೆ. ಶಾಲೆಯ ಸಮಿತಿಯವರು ಸಂಬಳ ಕೊಡಬೇಕಾಗಿಲ್ಲ ಎಂದು ತಿಳಿದ ಮೇಲೆ ಸರ್ವಾನುಮತದಿಂದ ಒಪ್ಪಿದರು. ಮಧ್ಯಾಹ್ನ ನನ್ನ ಪೇಪರು ಮುಗಿಯುವ ಹೊತ್ತಿಗೆ ಅವನ ಫೋನು ಬರುತ್ತದೆ. ಪಾಠ ಹೇಗಾಯಿತೆಂದು ನಾನು ಕೇಳುವುದಿಲ್ಲ, ಅವನೇ ಹೇಳುತ್ತಾನೆ.

“ಇವತ್ತೂ ಯಾರೂ ಚಪ್ಪಾಳೆ ತಟ್ಟಲಿಲ್ಲ ಕಣ್ಲಾ.”