ನಾಲ್ಕನೇ ಸೀಟಿನ ವಿದ್ಯೆ

ಕೋಪರಖೈರಣೆ ಸ್ಟೇಷನ್ ಹತ್ತಿರ ಬಂತೆಂದರೆ ನನಗೆ ನಿದ್ದೆ ಬರುತ್ತಿತ್ತು. ಒಂದು ದಿನವಲ್ಲ, ಎರಡು ದಿನವಲ್ಲ. ನೌಕರಿಯ ಕೊನೆಯ ಹದಿನೆಂಟು ವರ್ಷ. ನನ್ನ ಕಚೇರಿಯಿದ್ದ ಬೇಲಾಪುರ ಬಂದೊಡನೆ ಯಾರೂ ಎಬ್ಬಿಸದೆ ತಾನಾಗಿಯೇ ಎಚ್ಚರವೂ ಆಗುತ್ತಿತ್ತು. ಇಷ್ಟು ಶಿಸ್ತಿನ ನಿದ್ದೆ ಯಾವ ಯೋಗಿಗೂ ಸಿದ್ಧಿಸಿರಲಿಕ್ಕಿಲ್ಲ. ಗುಟ್ಟು ಇಷ್ಟೇ: ಮುಂಬಯಿ ಲೋಕಲ್ ಗಾಡಿಯ ನಮ್ಮ ಹೆಂಗಸರ ಡಬ್ಬಿಯ ಗುಂಪಿನಲ್ಲಿ ಒಂದು ಕಟ್ಟಳೆಯಿತ್ತು. ಠಾಣೆಯಿಂದ ಕೂತು ಬಂದವರು ಕೋಪರಖೈರಣೆಯಲ್ಲಿ ಎದ್ದು, ನಿಂತು ಬಂದವರನ್ನು ಕೂರಿಸಬೇಕು. ನಿದ್ದೆ ಹೋದವಳನ್ನು ಎಬ್ಬಿಸುವುದು ಮಹಾಪಾಪವೆಂದು ನನ್ನ ಗೆಳತಿಯರು ನಂಬಿದ್ದರು. ಅವರ ಆ ನಂಬಿಕೆಯ ಮೇಲೆಯೇ ನಾನು ಹದಿನೆಂಟು ವರ್ಷ ಕಿಟಕಿ ಪಕ್ಕ ಕೂತು ಬಂದೆ.

ಇಂಥ ನಾನು ನಿವೃತ್ತಿಯಾದ ಮೇಲೆ ಟಾಂಜಾನಿಯಾದ ಒಂದು ಬಡ ಶಾಲೆಗೆ ಒಂದು ತಿಂಗಳು ಸೇವೆ ಮಾಡಲು ಹೊರಟೆ. ನಿವೃತ್ತರನ್ನು ಹೀಗೆ ಪರದೇಶದ ಶಾಲೆಗಳಿಗೆ ಕಳಿಸುವವರೊಬ್ಬರ ಪರಿಚಯವಾಗಿತ್ತು. ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸಾಯಿಟಿಯಲ್ಲಿ ನನಗೆ ಶಾಲು ಹೊದಿಸಿದರು. ಸೆಕ್ರೆಟರಿ ಕಾಕಾ ಮರಾಠಿಯಲ್ಲಿ ಭಾಷಣ ಮಾಡಿ ನನ್ನನ್ನು ಲಿಫ್ಟು ಕೆಟ್ಟ ವಿಷಯ ಮಾತಾಡಿದ್ದಕ್ಕಿಂತ ಸ್ವಲ್ಪವೇ ಕಡಿಮೆ ಹೊತ್ತು ಹೊಗಳಿದರು. ಧಾರವಾಡದ ಕಡೆಯವರಾದ ನನ್ನ ಯಜಮಾನರು ಮಾತ್ರ ಚೀಲಕ್ಕೆ ಶೇಂಗಾ ಚಟ್ನಿಪುಡಿ ತುರುಕುತ್ತ ಕೇಳಿದರು: "ಅಲ್ಲಾ, ಅಲ್ಲಿ ಹೋಗಿ ಏನ ಕಲಸ್ತೀ? ನಿನಗ ಗಾಡಿಯೊಳಗ ಫೋರ್ಥ್ ಸೀಟ್ ಹಿಡಿಯೋದು ಬಿಟ್ರ ಬ್ಯಾರೆ ಏನ ಬರ್ತದ?"

"ನಿಮಗ ಅದೂ ಬರಂಗಿಲ್ಲಲ್ಲ!" ಎಂದೆ. ಆದರೆ ವಿಮಾನದಲ್ಲಿ ಕೂತಾಗ ಆ ಮಾತು ಚಟ್ನಿಪುಡಿಯ ಹಾಗೆ ಘಾಟು ಹೊಡೆಯುತ್ತಲೇ ಇತ್ತು. ಮೂವತ್ತು ವರ್ಷ ನಾನು ಮಾಡಿದ ಕೆಲಸವೆಂದರೆ ಒಂದು ಕಚೇರಿಯ ಫೈಲುಗಳನ್ನು ಈ ಮೇಜಿನಿಂದ ಆ ಮೇಜಿಗೆ ಕಳಿಸಿದ್ದು. ಬಡ ಮಕ್ಕಳಿಗೆ ಅದನ್ನು ಕಲಿಸುವುದು ಕ್ರೌರ್ಯ.

ಶಾಲೆಯ ಮುಖ್ಯೋಪಾಧ್ಯಾಯಿನಿ ಜೋಸೆಫೀನಾ ನನ್ನ ಕೈಯನ್ನೇ ಮೊದಲು ನೋಡಿದರು. "ಬ್ರಶ್ಶು ತಂದಿಲ್ಲ ತಾನೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ತಬ್ಬಿಬ್ಬಾದೆ. "ಬಂದವರೆಲ್ಲ ಈ ಗೋಡೆಗೆ ಬಣ್ಣ ಹಚ್ಚಿ, ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಹಚ್ಚಿ ಹಚ್ಚಿ ಕೋಣೆಯೇ ಚಿಕ್ಕದಾಗಿದೆ."

ಕೋಣೆ ಚಿಕ್ಕದಾದದ್ದು ಬಣ್ಣದಿಂದಲ್ಲ. ಏಳನೇ ತರಗತಿಯಲ್ಲಿ ಐವತ್ತಾರು ಮಕ್ಕಳು. ಮೂವರು ಕೂರುವ ಬೆಂಚು-ಡೆಸ್ಕುಗಳು ಹದಿನಾಲ್ಕು. ಉಳಿದ ಹದಿನಾಲ್ಕು ಮಕ್ಕಳು ನೆಲದ ಮೇಲೆ, ಮೊಣಕಾಲನ್ನೇ ಮೇಜು ಮಾಡಿಕೊಂಡು. ಅವರಲ್ಲೊಬ್ಬಳು ರೆಹೆಮಾ. ನಾನು ಹಲಗೆಯ ಮೇಲೆ ಲೆಕ್ಕ ಬರೆದು ತಿರುಗುವುದರೊಳಗೆ ಅವಳ ಬಾಯಲ್ಲಿ ಉತ್ತರ ಬಂದಿರುತ್ತಿತ್ತು. ಆದರೆ ಬರೆದು ತೋರಿಸು ಎಂದರೆ ಅಂಕಿಗಳು ಮೊಣಕಾಲಿನಿಂದ ಜಾರಿ ಬೀಳುತ್ತಿದ್ದವು. ಅವಳ ತ್ರಿಕೋನಕ್ಕೆ ಕೆಲವೊಮ್ಮೆ ನಾಲ್ಕು ಮೂಲೆ. ಮೂರು ವಾರದಲ್ಲಿ ಗಣಿತದ ಪರೀಕ್ಷೆ. ಅದರಲ್ಲಿ ಮೊದಲನೆಯವಳಾಗಿ ಬಂದ ಒಬ್ಬ ಹುಡುಗಿಗೆ ಮಾತ್ರ ಜಿಲ್ಲೆಯ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಜಾಗ. "ಆ ಹುಡುಗಿಗೆ ತಲೆಯಿದೆ, ಡೆಸ್ಕಿಲ್ಲ," ಎಂದರು ಜೋಸೆಫೀನಾ. "ಡೆಸ್ಕಿದ್ದವರನ್ನು ಎಬ್ಬಿಸಲು ನನಗೆ ಮನಸ್ಸಿಲ್ಲ."

ಡೊಂಬಿವಲಿಯವಳಿಗೆ ಮೂವರ ಬೆಂಚಿನಲ್ಲಿ ಮೂವರೇ ಕೂತಿರುವುದನ್ನು ನೋಡಿದರೆ ಕೈ ತುರಿಸುತ್ತದೆ. ಮುಂಬಯಿಯ ಲೋಕಲ್ ಗಾಡಿಯಲ್ಲಿ ಮೂವರ ಸೀಟು ನಾಲ್ವರದೆಂಬುದು ಹುಟ್ಟುಗುಣ. ನಾಲ್ಕನೆಯವರು ಅರ್ಧ ಪೃಷ್ಠವನ್ನು ಸೀಟಿಗೂ ಉಳಿದರ್ಧವನ್ನು ದೇವರಿಗೂ ಒಪ್ಪಿಸಿ ಕೂರುತ್ತಾರೆ. ಈ ಆಸನವನ್ನು ಯಾವ ಯೋಗದ ಮಾಸ್ತರರೂ ಕಲಿಸುವುದಿಲ್ಲ. ಆದರೆ ಇದರ ಮೂಲ ಗಾಡಿಯಲ್ಲಿಲ್ಲ, ಊಟದ ಪಂಕ್ತಿಯಲ್ಲಿದೆ ಎಂಬುದು ನನ್ನ ಸಂಶೋಧನೆ. ಮದುವೆಯ ಊಟಕ್ಕೆ ಕೂತಾಗ ನಮ್ಮಜ್ಜಿ ಹೇಳುತ್ತಿದ್ದಳು: "ಸರದು ಕೂಡ್ರವ್ವಾ. ಪಂಕ್ತಿಯೊಳಗ ಇನ್ನೊಂದು ಎಲಿ ಹಿಡ್ಯಂಗಿಲ್ಲ ಅನಬಾರದು." ನನ್ನ ಕನ್ನಡದಷ್ಟೇ ನನ್ನ ನಾಲ್ಕನೇ ಸೀಟೂ ಅಜ್ಜಿಯ ಕೊಡುಗೆ.

ಮರುದಿನವೇ ಪಾಠ ಶುರು. ಬೆಂಚಿನ ತುದಿಗೆ ಹೋಗಿ ನಿಂತು, ಕೈಯನ್ನು ಪಕ್ಕಕ್ಕೆ ಬೀಸಿ, ದನಿಯಲ್ಲಿ ಅರ್ಧ ವಿನಯ ಅರ್ಧ ಹಕ್ಕು ಬೆರೆಸಿ, ಸ್ವಲ್ಪ ಸರಿಯಿರಿ ಎನ್ನುವ ನಮ್ಮ ಮರಾಠಿ ಮಂತ್ರ: "ಜರಾ ಸರಕಾ!" ಮಕ್ಕಳು ಬಿದ್ದು ಬಿದ್ದು ನಕ್ಕರು, ಆದರೆ ಸರಿದರು. ಹದಿನಾಲ್ಕು ಬೆಂಚಿಗೆ ನಾಲ್ಕು ನಾಲ್ಕು, ಐವತ್ತಾರೂ ಮಕ್ಕಳು ನೆಲ ಬಿಟ್ಟು ಮೇಲೆ! ಕಿಟಕಿ ಕಡೆಯವಳಿಂದ ನಾಲ್ಕನೆಯವಳವರೆಗೆ ದಿನಕ್ಕೊಂದು ಜಾಗ ಸರಿಯಬೇಕೆಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಅಷ್ಟು ಪದರ ಬಣ್ಣ ಕಡೆಗೂ ಒಂದು ಉಪಯೋಗಕ್ಕೆ ಬಂತು. ರೆಹೆಮಾ ಕಿಟಕಿ ಪಕ್ಕ ಕೂತ ದಿನ ಅವಳ ತ್ರಿಕೋನಕ್ಕೆ ಮೂರೇ ಮೂಲೆ.

ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಇನ್ನೊಂದು ಶಾಲು ಸಿಗುತ್ತಿತ್ತು. ಆದರೆ ಮಕ್ಕಳು "ಬೀಬಿ, ನಿಮ್ಮೂರಿನ ಗಾಡಿಯ ಕತೆ ಹೇಳಿ" ಎಂದು ದುಂಬಾಲು ಬಿದ್ದರು. ಅಲ್ಲಿ ಬೀಬಿ ಎಂದರೆ ಅಜ್ಜಿ. ಅಜ್ಜಿ ಎಂದವರಿಗೆ ಇಲ್ಲವೆನ್ನಲಾದೀತೇ? ಹತ್ತಿದೊಡನೆ "ಎಲ್ಲಿ ಇಳಿಯುತ್ತೀರಿ?" ಎಂದು ಕೇಳಿ ಮುಂದೆ ಐರೋಲಿಯಲ್ಲಿ ಇಳಿಯುವವಳ ಸೀಟನ್ನು ಠಾಣೆಯಲ್ಲೇ ಕಾದಿರಿಸುವುದು, ಕಿಟಕಿಯಿಂದ ಕರವಸ್ತ್ರ ಎಸೆದು ಜಾಗ ಹಿಡಿಯುವುದು, ಡೊಂಬಿವಲಿಯವರು ಸೀಟಿಗಾಗಿ ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ, ಅಲ್ಲಿ ಇಳಿಯದೆ ಅದೇ ಗಾಡಿಯಲ್ಲಿ ಕೂತೇ ಬರುವುದು, ಎಲ್ಲ ಹೇಳಿದೆ.

ನಾಲ್ಕೇ ದಿನದಲ್ಲಿ ಪಟ್ಟಿ ಮೂಲೆ ಸೇರಿತು. ಬೆಳಿಗ್ಗೆ ಹೋದರೆ ಕಿಟಕಿಯಿಂದ ಚೀಲಗಳು ಹಾರಿ ಬರುತ್ತಿವೆ. ಮಧ್ಯಾಹ್ನ ಮೇಕೆ ಕಾಯಲು ಮನೆಗೆ ಹೋಗುವ ಹುಡುಗನ ಜಾಗಕ್ಕೆ ಮೂವರು ಮೊದಲೇ ಮಾತಾಡಿಟ್ಟಿದ್ದಾರೆ, ಅವನು ಸುಮ್ಮನೆ ಆಕಳಿಸಿದರೂ "ಹೊರಟೆಯಾ?" ಎಂದು ಕೇಳುತ್ತಾರೆ. ಸಂಜೆ ಗಂಟೆ ಹೊಡೆದ ಮೇಲೂ ಆರು ಮಕ್ಕಳು ಎದ್ದಿರಲಿಲ್ಲ.

"ಇವರೇಕೆ ಮನೆಗೆ ಹೋಗುತ್ತಿಲ್ಲ?" ಎಂದರು ಜೋಸೆಫೀನಾ.

"ಕಲ್ಯಾಣಕ್ಕೆ ಹೋಗಿ ಬರುತ್ತಿದ್ದಾರೆ," ಎಂದೆ, ತಲೆ ತಗ್ಗಿಸಿ.

"ಇದಕ್ಕಿಂತ ನೀವು ಬ್ರಶ್ಶೇ ತರಬಹುದಿತ್ತು."

ಗಾಡಿಯ ಕತೆ ನಿಲ್ಲಿಸಿ, ಗೋಡೆಯ ಪಟ್ಟಿಯೇ ಕಾನೂನೆಂದು ಸಾರಿದೆ. ಪರೀಕ್ಷೆಯ ದಿನ ಬಂತು. ಬೆಳಿಗ್ಗೆ ಪಟ್ಟಿಯನ್ನು ಎರಡೆರಡು ಸಲ ನೋಡಿದೆ. ಅಂದು ನಾಲ್ಕನೇ ಸೀಟು ರೆಹೆಮಾಳದು. ಅದೇ ಬೆಂಚಿನ ಕಿಟಕಿ ಪಕ್ಕ ಗ್ರೇಸ್, ವಸತಿ ಶಾಲೆಯ ಆ ಒಂದೇ ಜಾಗಕ್ಕೆ ಅವಳ ಪ್ರತಿಸ್ಪರ್ಧಿ. ಪಟ್ಟಿ ಬದಲಿಸೋಣವೆಂದರೆ ಗ್ರೇಸ್‌ಗೆ ಅನ್ಯಾಯ. ನಾನೇ ಮಾಡಿದ ಕಾನೂನು ನನ್ನ ಕೈಯನ್ನೇ ಕಟ್ಟಿಹಾಕಿತ್ತು. ಮೊದಲರ್ಧ ಗಂಟೆ ರೆಹೆಮಾ ಒಂದು ಕಾಲನ್ನು ಹೊರಗೆ ಊರಿ, ಬೀಳದಂತೆ ಒಂದು ಕೈಯಿಂದ ಡೆಸ್ಕು ಹಿಡಿದು, ಇನ್ನೊಂದರಿಂದ ಬರೆದಳು. ಅಂಕಿಗಳು ಜಾರತೊಡಗಿದ್ದನ್ನು ದೂರದಿಂದಲೇ ಕಂಡೆ.

ಅರ್ಧ ಹೊತ್ತಾದುದಕ್ಕೆ ಗಂಟೆ ಹೊಡೆಯಿತು. ಆಗ ಗ್ರೇಸ್ ತನ್ನ ಕಾಗದ ಎತ್ತಿಕೊಂಡು ಎದ್ದು ನಿಂತಳು. ತುದಿಗೆ ಬಂದು ರೆಹೆಮಾಳ ಭುಜ ತಟ್ಟಿ, ಕಿಟಕಿಯ ಕಡೆ ಕೈ ತೋರಿಸಿ, ಅಪ್ಪಟ ಡೊಂಬಿವಲಿ ರಾಗದಲ್ಲಿ, "ಜರಾ ಸರಕಾ!"

ನೋಡನೋಡುತ್ತ ಉಳಿದ ಬೆಂಚುಗಳಲ್ಲೂ ಕಿಟಕಿಯವರು ಎದ್ದು ನಾಲ್ಕನೆಯವರನ್ನು ಒಳಗೆ ಕೂರಿಸಿದರು. ಜೋಸೆಫೀನಾ ಮೊದಲ ಬಾರಿಗೆ ನನ್ನತ್ತ ನಕ್ಕು, "ಇದೂ ನಿಮ್ಮ ಗಾಡಿಯದೇ?" ಎಂದರು. ಗಾಡಿಯದೇ ಹೌದು. ಆದರೆ ಈ ಪಾಠವೊಂದನ್ನು ನಾನು ಕಲಿಸಿರಲಿಲ್ಲ. ಕೋಪರಖೈರಣೆಯಲ್ಲಿ ನಾನು ಯಾವಾಗಲೂ ನಿದ್ದೆಯಲ್ಲಿರುತ್ತಿದ್ದೆನಲ್ಲ!

ಊರಿಗೆ ಬಂದ ಮೇಲೆ ಜೋಸೆಫೀನಾರ ಮೆಸೇಜು ಬಂತು. ವಸತಿ ಶಾಲೆಯ ಜಾಗ ರೆಹೆಮಾಳಿಗೆ ಸಿಕ್ಕಿತು. ಗ್ರೇಸ್ ಎರಡನೆಯವಳು, ಸ್ವಲ್ಪ ಅತ್ತಳಂತೆ. ಆಮೇಲೆ ಕಣ್ಣೊರಸಿಕೊಂಡು, ರೆಹೆಮಾ ಬಿಟ್ಟುಹೋಗುವ ಬೆಂಚಿನ ಜಾಗ ತನ್ನದೆಂದು ಎಲ್ಲರಿಗಿಂತ ಮೊದಲು ಹೇಳಿಟ್ಟಳಂತೆ. ಯಜಮಾನರಿಗೆ ಓದಿ ತೋರಿಸಿದೆ. "ನಾ ಹೇಳಿದ್ದಿಲ್ಲೇನು, ಫೋರ್ಥ್ ಸೀಟ ಬಿಟ್ರ..." ಎಂದು ಶುರು ಮಾಡಿದವರು ಯಾಕೋ ಅಲ್ಲಿಗೇ ಬಿಟ್ಟು ಚಹಾ ಮಾಡಲು ಹೋದರು.

ಮೊನ್ನೆ ಹಳೆಯ ಕಚೇರಿಯಲ್ಲಿ ಒಂದು ಸಹಿ ಬೇಕಾಗಿ ಬೇಲಾಪುರಕ್ಕೆ ಹೊರಟೆ. ಠಾಣೆಯಲ್ಲಿ ಕಿಟಕಿಯ ಸೀಟೇ ಸಿಕ್ಕಿತು. ಘಣಸೋಲಿ ದಾಟಿದೊಡನೆ, ಇಷ್ಟು ದಿನದ ಮೇಲೂ, ರೆಪ್ಪೆಗಳು ತಾವಾಗಿಯೇ ಇಳಿಯತೊಡಗಿದವು. ಎದುರಿಗೆ ಲ್ಯಾಪ್‌ಟಾಪ್ ಚೀಲ ಹೊತ್ತು ನಿಂತಿದ್ದ ಹುಡುಗಿ ಎಲ್ಲಿ ಇಳಿಯುತ್ತೀರೆಂದು ಕೇಳಿದಳು: "ಆಂಟಿ, ಕಹಾಂ ಉತರನಾ ಹೈ?"

"ಯಹೀಂ," ಇಲ್ಲೇ ಇಳಿಯುವುದೆಂದು ಎದ್ದು ಅವಳನ್ನು ಕೂರಿಸಿದೆ. ಕೋಪರಖೈರಣೆ ಬಂತು, ಹೋಯಿತು. ನಾನು ಕಂಬಿ ಹಿಡಿದು ನಿಂತೇ ಇದ್ದೆ.

"ಆಂಟಿ, ಆಪ್ ಕಾ ಸ್ಟೇಷನ್ ತೋ ನಿಕಲ್ ಗಯಾ!" ಎಂದು ಹುಡುಗಿ ನನ್ನ ಸ್ಟೇಷನ್ ದಾಟಿಹೋಯಿತೆಂದು ಗಾಬರಿಯಾದಳು.

ಪರವಾಗಿಲ್ಲವೆಂದು ಕೈಯಾಡಿಸಿದೆ. ಹದಿನೆಂಟು ವರ್ಷ ಆ ದಾರಿಯಲ್ಲಿ ಓಡಾಡಿ, ಕೋಪರಖೈರಣೆ ಸ್ಟೇಷನ್ನನ್ನು ನಾನು ಕಣ್ಣುಬಿಟ್ಟು ನೋಡಿದ್ದು ಅಂದೇ ಮೊದಲು. ಚೆನ್ನಾಗಿಯೇ ಇದೆ.