ಹಾಸಿಗೆಯ ಹೊಲಿಗೆಯಲ್ಲಿ ಅಗಸಿ ಬೀಜ

ಅವ್ವ ಅಗಸಿ ಹಸನು ಮಾಡುವುದು ಮಂಚದ ಮೇಲೆ ಕೂತು. ಈ ಮರಾಠಿ ಶಹರದ ಸದಾಶಿವ ಪೇಠೆಯ ನಮ್ಮ ಬಾಡಿಗೆ ಮನೆಯಲ್ಲಿ ಮಧ್ಯಾಹ್ನದ ಬೆಳಕು ಸರಿಯಾಗಿ ಬೀಳುವ ಜಾಗ ಅದೊಂದೇ. ಕಳೆದ ಬೇಸಿಗೆಯಲ್ಲಿ ಈ ಕೆಲಸ ಹೆಚ್ಚಾಗಿತ್ತು. ಶಹರದ ಇನ್ನೊಂದು ತುದಿ ಖರಾಡಿಯ ಗಂಡನ ಮನೆಯಲ್ಲಿದ್ದ ಅಕ್ಕ ಚೊಚ್ಚಲ ಬಸುರಿ. ಅವಳಿಗೆ ಅವ್ವನ ಕೈಯ ಅಗಸಿ ಹಿಂಡಿ, ಆ ಚಟ್ನಿಪುಡಿಯದೇ ಬಯಕೆ. ಬಸುರಿಗೆ ಉಡಿ ತುಂಬುವ ಕುಬಸದ ಕಾರ್ಯ ಮುಗಿದ ದಿನವೇ ಅವಳನ್ನು ತವರಿಗೆ ಕರೆತರುವುದು, ಬಾಣಂತನ ಇದೇ ಮಂಚದ ಮೇಲೆ ಮಾಡುವುದು ಎಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಹೀಗಾಗಿ ಗಾದಿಯ ಅಂಚಿನಲ್ಲಿ ಕಂದುಬಣ್ಣದ ಚಪ್ಪಟೆ ಕಾಳೊಂದು ಕಂಡರೆ ನಾವು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಅಗಸಿ ಸಿಡಿದಿದೆ ಎಂದು ಅಂಗೈಯಿಂದ ಕೆಳಗೆ ಸರಿಸಿಬಿಡುತ್ತಿದ್ದೆವು.

ಗುರುತುಗಳು ಒಂದೊಂದಾಗಿ ಬಂದವು. ಒಂದೊಂದಕ್ಕೂ ನಮ್ಮಲ್ಲಿ ಕಾರಣ ಸಿದ್ಧವಿತ್ತು. ನನ್ನ ಮುಂಗೈ ಮೇಲೆ ಸಾಲಾಗಿ ಕೆಂಪು ಗಂಧೆಗಳೆದ್ದಾಗ ಅವ್ವ ಉಷ್ಣವೆಂದಳು, ತಂಪಿಗೆ ಸಬ್ಜಾ ಬೀಜ ನೆನೆಸಿ ಕುಡಿಸಿದಳು. ಸೊಳ್ಳೆ ಹೀಗೆ ಗೆರೆ ಎಳೆದಂತೆ ಕಚ್ಚುವುದಿಲ್ಲವಲ್ಲ ಎಂದು ನನಗನ್ನಿಸಿತ್ತು, ಅನ್ನಿಸಿದ್ದನ್ನು ಮುಂದುವರಿಸಲಿಲ್ಲ. ಚಾದರದ ಮೇಲೆ ಕಂದು ಚುಕ್ಕಿಗಳು ಬಿದ್ದಾಗ ಅಪ್ಪ ಕಬ್ಬಿಣದ ಮಂಚದ ತುಕ್ಕು ಎಂದರು. ಗಾದಿಯ ಹೊಲಿಗೆಯುದ್ದಕ್ಕೂ ಶಾಯಿಯ ಮೊನೆ ತಾಗಿಸಿದಂಥ ಕಪ್ಪು ಕಲೆಗಳಿದ್ದವು, ಒರೆಸಿದರೆ ಹರಡಿಕೊಳ್ಳುತ್ತಿದ್ದವು. ಬೆಳಿಗ್ಗೆ ಹಾಸಿಗೆ ಮಡಚುವಾಗ ಹಳಸಿದ ಕೊತ್ತಂಬರಿಯಂಥ ವಾಸನೆ ಬರುತ್ತಿತ್ತು. ಅದನ್ನೂ ಅಡುಗೆಮನೆಯ ಲೆಕ್ಕಕ್ಕೆ ಹಾಕಿದೆವು.

ಅಕ್ಕನಿಗಾಗಿ ಗಾದಿಗೆ ಹೊಸ ಗಲೀಫು ಹಾಕುತ್ತಿದ್ದ ಮಧ್ಯಾಹ್ನ ಹೊಲಿಗೆಯ ಹತ್ತಿರ ಮತ್ತೊಂದು ಅಗಸಿ ಬೀಜ ಕಂಡಿತು. ಬೆರಳಿನಿಂದ ಸರಿಸಿದೆ. ಅದು ನಿಂತಿತು, ತಿರುಗಿತು, ನಡೆದುಕೊಂಡು ಹೋಗಿ ಹೊಲಿಗೆಯ ಸಂದಿಯೊಳಗೆ ಸೇರಿಕೊಂಡಿತು. ಹೊಲಿಗೆಯನ್ನು ಅಗಲಿಸಿ ನೋಡಿದರೆ ಒಳಗೆ ಅಂಥವೇ ಇನ್ನಷ್ಟು, ಅವುಗಳ ನಡುವೆ ಕಳಚಿಬಿದ್ದ ತೆಳು ಪೊರೆಗಳು, ಅಕ್ಕಿಯ ನುಚ್ಚಿಗಿಂತ ಸಣ್ಣ ಬಿಳಿಯ ಮೊಟ್ಟೆಗಳು. ಅವ್ವ ನನ್ನ ಹೆಗಲ ಮೇಲಿಂದ ಬಾಗಿ ನೋಡಿದಳು. ನೇರವಾಗಿ ಹೋಗಿ, ಎಲ್ಲರೂ ಓಡಾಡುವ ಗ್ಯಾಲರಿಯ ಕಡೆಗಿದ್ದ ಕಿಟಕಿಯನ್ನು ಮುಚ್ಚಿದಳು.

ಅವಳು ಮಾಡಿದ ಮೊದಲ ಕೆಲಸ ಅದು. ತಿಗಣೆಯನ್ನು ಕೊಲ್ಲುವುದಲ್ಲ, ಕಿಟಕಿಯನ್ನು ಮುಚ್ಚುವುದು.

ಗಾದಿಯನ್ನು ತಾರಸಿಯ ಬಿಸಿಲಿಗೆ ಒಯ್ಯೋಣವೆಂದು ಹೊರಟ ನನ್ನನ್ನು ಬಾಗಿಲಲ್ಲಿ ತಡೆದಳು. ‘ಗಾದಿ ಹೊತ್ತು ಮ್ಯಾಲ ಹೋದ್ರ ಮಂದಿಗೆ ತಗಣಿ ಅಂತ ಹೇಳಿ ಕೊಟ್ಟಂಗ ಆತು. ಅಕ್ಕನ ಕುಬಸ ಆಗೂ ಮಟ ಆ ಹೆಸರು ಬಾಯಾಗ ತರಬ್ಯಾಡ.’ ಗಾದಿ ಮನೆಯೊಳಗೇ ಉಳಿಯಿತು. ಬಾಗಿಲು ಹಾಕಿಕೊಂಡು ಅವ್ವ ಮಂಚದ ಸಂದಿಗಳಿಗೆ ಕುದಿನೀರು ಸುರಿದಳು, ಚಾದರಗಳನ್ನು ಕುದಿಸಿದಳು, ಒಳಗೇ ಒಣಹಾಕಿದಳು. ಆ ಸೆಕೆಯಲ್ಲಿ ಮನೆ ಉಗಿಯಲ್ಲಿಟ್ಟ ಪಾತ್ರೆಯಂತಾಗಿತ್ತು. ಹಾಸಿಗೆ ಬದಲಿಸಿ ನೆಲದ ಮೇಲೆ ಮಲಗಿದೆವು. ಅವು ನಮ್ಮ ಹಿಂದೆಯೇ ನೆಲಕ್ಕೆ ಬಂದವು.

ನಾನು ಬರಿಗೈಯಲ್ಲಿ ತಾರಸಿಗೆ ಹೋದೆ. ಹಿಂದಿನ ಬೇಸಿಗೆಗಳಲ್ಲಿ ಅಲ್ಲಿ ಇಡೀ ಕಟ್ಟಡದ ಗಾದಿ, ರಜಾಯಿಗಳು ಜಾಗಕ್ಕಾಗಿ ಜಗಳವಾಡುತ್ತಿದ್ದವು. ಆ ವರ್ಷ ಹಪ್ಪಳವಿತ್ತು, ಬಟ್ಟೆಯಿತ್ತು. ಹಾಸಿಗೆ ಮಾತ್ರ ಒಂದೂ ಇರಲಿಲ್ಲ. ಆ ಖಾಲಿ ಜಾಗವನ್ನು ನೋಡುತ್ತ ನಿಂತಾಗ ನನಗೆ ತಿಳಿಯಿತು: ಕಿಟಕಿ ಮುಚ್ಚಿಕೊಂಡವಳು ನಮ್ಮವ್ವ ಒಬ್ಬಳೇ ಅಲ್ಲ.

ಅದಕ್ಕೂ ಹಿಂದಿನ ದೀಪಾವಳಿಯ ಹೊತ್ತಿಗೆ ನೆಲಮಹಡಿಯ ಮಾಲೀಕರ ಮನೆಗೆ ಸಿಂಪಡಿಸುವ ಪಂಪು ಹೊತ್ತ ಇಬ್ಬರು ಬಂದದ್ದು ಆಗ ನೆನಪಾಯಿತು. ಘಾಟು ಮೆಟ್ಟಿಲೇರಿ ನಮ್ಮ ಮನೆಯವರೆಗೂ ಬಂದಿತ್ತು. ಕೇಳಿದರೆ, ಕಪಾಟುಗಳಿಗೆ ಪಾಲಿಶ್ ಎಂದಿದ್ದರು. ತಮ್ಮ ಮಹಡಿಯನ್ನಷ್ಟೇ ಶುದ್ಧ ಮಾಡಿಕೊಂಡರೆ ಗೋಡೆಯ ಬಿರುಕು ಹಿಡಿದು ಅವು ಮೇಲಕ್ಕೇ ಬರುತ್ತವೆಂಬುದು ಅವರಿಗೆ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಕನಿಷ್ಠ ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ನಮಗೆ ಅಗಸಿ ಯಾವುದು, ತಿಗಣೆ ಯಾವುದು ಎಂದು ನೋಡುವ ಕಣ್ಣಾದರೂ ಇರುತ್ತಿತ್ತು.

ಕೆಳಗಿಳಿದು ಅವರ ಬಾಗಿಲಲ್ಲೇ ನಿಂತು ಕೇಳಿದೆ. ಇಡೀ ಕಟ್ಟಡಕ್ಕೆ ಒಂದೇ ಸಲ ಔಷಧಿ ಹೊಡೆಸಬೇಕು, ಅದು ಮಾಲೀಕರ ಹೊಣೆ ಎಂದೆ. ನನ್ನನ್ನು ಹಿಂದಕ್ಕೆ ಕರೆಯಲು ಬಂದ ಅವ್ವ ಬೆನ್ನ ಹಿಂದೆ ನಿಂತಿದ್ದಳು. ಮಾಲೀಕರು ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿ, ಬಲು ಮೃದುವಾಗಿ, ಮರಾಠಿಯಲ್ಲಿ ಅತ್ತಿಗೆ ಎಂದು ಕರೆದು ಹೇಳಿದರು: ‘ವಹಿನಿ, ಪ್ರತಿ ವರ್ಷ ಊರಿಂದ ಜೋಳದ ಚೀಲ ತರುವವರು ನೀವು. ಈ ಕಟ್ಟಡದಲ್ಲಿ ಬೇರೆ ಯಾರೂ ದೂರು ಹೇಳಿಲ್ಲ. ಮನೆ ಸ್ವಲ್ಪ ಸ್ವಚ್ಛ ಇಟ್ಟುಕೊಳ್ಳಿ.’

ಅವ್ವ ತನ್ನ ಮರಾಠಿಯಲ್ಲಿ ತಪ್ಪಾಯಿತೆಂದಳು.

ಕಚ್ಚಿಸಿಕೊಂಡದ್ದಕ್ಕೆ ಕ್ಷಮೆ ಕೇಳಿದಳು. ದಿನಕ್ಕೆ ಎರಡು ಸಲ ನೆಲ ಒರೆಸುವ ಹೆಂಗಸು. ಹೊತ್ತು ತಂದ ಜೋಳದ ಚೀಲವನ್ನೂ, ಹುಟ್ಟಿದೂರನ್ನೂ ಒಂದೇ ಮಾತಿನಲ್ಲಿ ಹೊಲಸು ಮಾಡಿದವನೆದುರು ತಲೆ ತಗ್ಗಿಸಿದಳು. ನನಗೆ ಸಿಟ್ಟು ಬಂದದ್ದು ನಿಜ. ಸಿಟ್ಟಿಗಿಂತ ಮೊದಲು ನಾಚಿಕೆ ಬಂತು, ಅದೂ ನಿಜ. ಮರುದಿನ ಶಿವಾಜಿನಗರದ ವಾಚನಾಲಯದಲ್ಲಿ ಮೆತ್ತೆಯ ಕುರ್ಚಿ ಬಿಟ್ಟು ಕಟ್ಟಿಗೆಯದನ್ನೇ ಹುಡುಕಿ ಕೂತೆ. ಚೀಲವನ್ನು ಎಲ್ಲರ ಚೀಲಗಳ ಜೊತೆಗಿಡದೆ ತೊಡೆಯ ಮೇಲಿಟ್ಟುಕೊಂಡೆ. ಗೆಳತಿ ಸ್ಕೂಟರಿನಲ್ಲಿ ಬಿಡುತ್ತೇನೆಂದರೆ ಬಸ್ಸಿದೆಯೆಂದೆ. ಹೊಣೆಗಾರಿಕೆಯ ಬಗ್ಗೆ ಉದ್ದುದ್ದ ಪ್ರಬಂಧ ಬರೆದು ಎಂ.ಎ. ಮುಗಿಸಿದ ನನಗೆ ನನ್ನ ಕಾಲರಿನ ಮೇಲೆ ಏನಾದರೂ ಹರಿಯುತ್ತಿದೆಯೇ ಎಂಬುದರ ಹೊರತು ಬೇರೆ ಯೋಚನೆ ಬರುತ್ತಿರಲಿಲ್ಲ. ಈ ನಾಚಿಕೆ ನಮ್ಮದಾಗಿರುವಷ್ಟು ಕಾಲ ಪಂಪಿನ ಖರ್ಚು ಮಾಲೀಕರದಾಗುವುದಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕುಬಸಕ್ಕೆ ಖರಾಡಿಗೆ ಹೊರಟಾಗ ಅವ್ವ ಎಲ್ಲರ ಬಟ್ಟೆಗಳನ್ನೂ ಕುದಿಸಿ, ಬಿಸಿ ಇಸ್ತ್ರಿ ತಿಕ್ಕಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದಳು. ಏನೂ ಹೇಳುವುದಿಲ್ಲ, ಮಗಳನ್ನು ಕರೆತರುತ್ತೇವೆ, ಅಡುಗೆಮನೆಯಲ್ಲಿ ಮಲಗಿಸುತ್ತೇವೆ ಎಂಬುದು ಅವಳ ತೀರ್ಮಾನ. ಅವಳು ಹೇಳದಿದ್ದರೆ ನಾನು ಹೇಳುವುದೆಂಬುದು ನನ್ನ ತೀರ್ಮಾನ. ದಾರಿಯುದ್ದಕ್ಕೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಅಕ್ಕ ಮಣೆಯ ಮೇಲೆ ಕೂತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಉಡಿ ತುಂಬಿದರು. ಅವಳ ಬ್ಯಾಗು ಆಗಲೇ ಬಾಗಿಲ ಹತ್ತಿರ ಬಂದಿತ್ತು. ಊಟವಾದ ಮೇಲೆ ಅಕ್ಕನ ಅತ್ತೆ ನಾವಿದ್ದ ಅಡುಗೆಮನೆಗೆ ಬಂದು, ಹೊತ್ತು ಇಳಿಯುವ ಮೊದಲೇ ಹೊರಡಿರೆಂದು ಹೇಳತೊಡಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ಮಣಿಕಟ್ಟು ಹಿಡಿದಳು.

‘ಅಕ್ಕಾರ, ನಮ್ಮ ಮನ್ಯಾಗ ತಗಣಿ ಆಗ್ಯಾವ್ರಿ,’ ಎಂದು ಬೀಗತಿಗೆ ತಾನೇ ಹೇಳಿದಳು. ‘ಭಾಳ ಆಗ್ಯಾವ. ಬಸರಿ ಹುಡುಗೀನ ಆ ಮಂಚದ ಮ್ಯಾಲ ಹೆಂಗ ಮಲಗಸ್ಲಿ? ಕರಕೊಂಡು ಹೋಗಂಗಿಲ್ರಿ.’

ಅತ್ತೆಯ ಕಣ್ಣು ಅವ್ವನ ಸೀರೆಯ ನೆರಿಗೆಯಿಂದ ಹೊರಕೋಣೆಯ ಸೋಫಾದ ಮೇಲಿದ್ದ ನಮ್ಮ ಚೀಲದವರೆಗೆ ಹೋಗಿ ಬಂತು. ಆಮೇಲೆ, ‘ಹೇಳಿದ್ದು ಚಲೋ ಆತು ಬಿಡ್ರಿ. ಬಾಣಂತನ ಇಲ್ಲೇ ಆಗಲಿ. ನೀವ ಬಂದು ಮಾಡ್ರಿ,’ ಎಂದರು. ಹೊರಡುವಾಗ ನೋಡಿದರೆ ನಮ್ಮ ಚೀಲ ಸೋಫಾದ ಮೇಲಿರಲಿಲ್ಲ; ಬಾಗಿಲಾಚೆ, ಚಪ್ಪಲಿಗಳ ಪಕ್ಕದಲ್ಲಿತ್ತು.

ಮರುದಿನ ಹಾಡುಹಗಲೇ ಗಾದಿ ಹೊತ್ತು ತಾರಸಿಗೆ ಹೋದೆ. ಮೆಟ್ಟಿಲ ಮೇಲೆ ಸಿಕ್ಕ ಎರಡನೇ ಮಹಡಿಯ, ನಾವು ಕಾಕು ಎಂದು ಕರೆಯುವ ಹೆಂಗಸು ದನಿ ತಗ್ಗಿಸಿ, ‘ನಿಮ್ಮಲ್ಲೂ?’ ಎಂದರು. ಹಾಗಾದರೆ ಈಗಲೇ ಮಾಲೀಕರ ಹತ್ತಿರ ಹೋಗೋಣ ಬನ್ನಿ ಎಂದೆ. ಅವರ ಮಗಳಿಗೆ ಗಂಡು ನೋಡುತ್ತಿದ್ದರು, ಬರಲಾರೆನೆಂದರು. ಅವರನ್ನು ದೂರುವ ಅರ್ಹತೆ ನಮ್ಮ ಮನೆಗಿರಲಿಲ್ಲ. ನಾನೊಬ್ಬಳೇ ಹೋದೆ, ಮತ್ತೆ ಮತ್ತೆ ಹೋದೆ. ಈಗಲೂ ಹೋಗುತ್ತೇನೆ. ಮಾಲೀಕರದು ಗಣಪತಿ ಹಬ್ಬ ಕಳೆಯಲಿ ಎಂಬ ಮಾತು, ಹಬ್ಬ ಕಳೆದ ಮೇಲೆ ಇನ್ನೊಂದು ಹಬ್ಬದ ಮಾತು.

ಅಕ್ಕನಿಗೆ ಹೆಣ್ಣು ಹುಟ್ಟಿತು. ಅವ್ವ ಬೀಗರ ಮನೆಯಲ್ಲಿ ಬಾಣಂತನಕ್ಕೆ ನಿಂತಳು. ತವರಿನಲ್ಲಿ ಆಗಿದ್ದರೆ ಆ ದಿನಗಳಲ್ಲಿ ಮನೆಯ ಯಜಮಾನಿಕೆಯೆಲ್ಲ ಅವಳದೇ. ಯಾವಾಗ ಧೂಪ, ಯಾವಾಗ ಎಣ್ಣೆ, ಯಾರು ಕೂಸನ್ನು ಮುಟ್ಟಬೇಕು, ಯಾರು ಮುಟ್ಟಬಾರದು ಎಂದು ಅಪ್ಪನನ್ನೂ ಗದರಿಸುತ್ತಿದ್ದಳು. ಕೂಸನ್ನು ನೋಡಲು ನಾನು ಹೋದಾಗ ಮೊದಲು ಸ್ನಾನದ ಮನೆಯಲ್ಲಿ ಬಟ್ಟೆ ಬದಲಿಸಿಕೊಂಡೆ. ಹೊರಗೆ ಬಂದರೆ, ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಅವ್ವ ನೆಲದ ಮೇಲೆ ಕೂತಿದ್ದಳು. ಗೀಜರಿನ ಗುಂಡಿ ಕೈಗೆಟಕುವಷ್ಟು ಹತ್ತಿರದಲ್ಲಿತ್ತು.

‘ಅಕ್ಕಾರ, ನೀರು ಕಾಸಲೇನ್ರಿ?’ ಎಂದು ಅಡುಗೆಮನೆಯಲ್ಲಿದ್ದ ಅಕ್ಕನ ಅತ್ತೆಯನ್ನು ಕೇಳಿದಳು.

ಒಳಗೆ ಮಿಕ್ಸರು ತಿರುಗುತ್ತಿತ್ತು, ಅವರಿಗೆ ಕೇಳಿಸಲಿಲ್ಲ. ಅವ್ವ ಕೂಸಿನ ಪಾದಗಳನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದುಕೊಂಡು, ಮಿಕ್ಸರು ನಿಲ್ಲುವುದನ್ನೇ ಕಾಯುತ್ತ ಕೂತಳು.